ಬೆಟ್ಟಕ್ಕೂ ನಮಗೂ ನಡುವಣ ಗಾಳಿ

ಕೊಡಚಾದ್ರಿಯ ನೆತ್ತಿಯಲ್ಲಿ ನಿಂತು ನೋಡಿದರೆ ಸಹ್ಯಾದ್ರಿಯ ಬೆಟ್ಟಗಳು ಸಾಲುಸಾಲಾಗಿ ಕಾಣುತ್ತವೆ. ಹತ್ತಿರದ ಸಾಲು ಕಡುಹಸಿರು, ಅದರಾಚೆಯದು ನೀಲಿ, ಅದಕ್ಕೂ ಆಚೆಯದು ಆಕಾಶದಲ್ಲಿ ಕರಗಿಯೇ ಹೋದಂತಿರುತ್ತದೆ. ಎಲ್ಲ ಸಾಲುಗಳಲ್ಲಿಯೂ ಇರುವುದು ಅದೇ ಹುಲ್ಲು, ಅದೇ ಕಾಡು. ಹಾಗಾದರೆ ಈ ಬಣ್ಣದ ಭೇದ ಎಲ್ಲಿಂದ ಬಂದಿತು? ನಡುವೆ ಇರುವ ಗಾಳಿಯಿಂದ. ಬೆಟ್ಟದ ಛಾಯಾಚಿತ್ರ ತೆಗೆಯುವವನು ಅದರೊಡನೆ ಗಾಳಿಯ ಚಿತ್ರವನ್ನೂ ತೆಗೆಯುತ್ತಿರುತ್ತಾನೆ; ಚಿತ್ರದ ಭಾವವನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದೇ.

ಗಾಳಿಯ ಅಣುಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕುಗಳಿಗೂ ಚದರಿಸುತ್ತವೆ. ಆದರೆ ಎಲ್ಲ ಬಣ್ಣಗಳನ್ನೂ ಸಮನಾಗಿ ಅಲ್ಲ. ಈ ಚದರಿಕೆಯು ಅಲೆಯುದ್ದದ ನಾಲ್ಕನೆಯ ಘಾತಕ್ಕೆ ವಿಲೋಮ ಪ್ರಮಾಣದಲ್ಲಿರುತ್ತದೆಂದು, ಮುಂದೆ ಲಾರ್ಡ್ ರ‍್ಯಾಲೇ ಎಂದು ಹೆಸರಾದ ಆಂಗ್ಲ ವಿಜ್ಞಾನಿಯು 1871ರಲ್ಲಿ ತೋರಿಸಿಕೊಟ್ಟನು. ಅದರಂತೆ 450 ನ್ಯಾನೊಮೀಟರ್ ಅಲೆಯುದ್ದದ ನೀಲಿಯು 650 ನ್ಯಾನೊಮೀಟರಿನ ಕೆಂಪಿಗಿಂತ 4 ಪಟ್ಟಿಗೂ ಹೆಚ್ಚಾಗಿ ಚದರುತ್ತದೆ. ಈ ನೀಲಿ ಬೆಳಕೇ ದೂರದ ಬೆಟ್ಟದ ಮುಂದೆ ತೆರೆಯಂತೆ ನಿಲ್ಲುತ್ತದೆ. ಬೇಸಗೆಯ ಧೂಳು ಸೇರಿದರೆ ತೆರೆ ಮಾಸಲು ಬಿಳುಪಾಗುತ್ತದೆ. ಒಂದು ಒಳ್ಳೆಯ ಮಳೆ ಧೂಳನ್ನು ತೊಳೆಯಿತೆಂದರೆ ಬೆಟ್ಟ ಕೈಗೆಟುಕುವಷ್ಟು ಬಳಿಗೆ ಬಂದಂತೆ ತೋರುತ್ತದೆ.

ದಿಗಂತದಲ್ಲಿರುವ ಸೂರ್ಯನ ಕಿರಣವು ನಡುನೆತ್ತಿಯ ಕಿರಣಕ್ಕಿಂತ 30 ಪಟ್ಟಿಗೂ ಹೆಚ್ಚು ಗಾಳಿಯನ್ನು ದಾಟಿ ಬರಬೇಕು. ದಾರಿಯಲ್ಲಿಯೇ ನೀಲಿ ಚದರಿಹೋಗಿ ಕೆಂಪು, ಹಳದಿಗಳು ಉಳಿಯುತ್ತವೆ. ಓರೆಬಿಸಿಲಿನ ಉದ್ದ ನೆರಳುಗಳಿಂದ ನೆಲದ ಏರುತಗ್ಗುಗಳೆಲ್ಲ ಎದ್ದು ಕಾಣುತ್ತವೆ. ಮೋಡವಿಲ್ಲದ ನಡುಹಗಲೇ ಫೋಟೋ ತೆಗೆಯಲು ತಕ್ಕುದೆಂದು ಹೊಸಬರು ಎಣಿಸುವುದುಂಟು. ನಮಗಂತೂ ಅದರಷ್ಟು ಸಪ್ಪೆಯಾದ ಹೊತ್ತು ಮತ್ತೊಂದಿಲ್ಲವೆಂದು ತೋರುತ್ತದೆ.

ಈ ನೀಲಿಯನ್ನು ಛಾಯಾಗ್ರಾಹಕನು ತನ್ನ ಅಂಕೆಯಲ್ಲಿಯೂ ಇಟ್ಟುಕೊಳ್ಳಬಲ್ಲನು. 1927ರ ಏಪ್ರಿಲ್ 10ರಂದು ಆನ್ಸೆಲ್ ಆಡಮ್ಸ್ ಎಂಬ 25 ವರ್ಷದ ತರುಣನು ಕ್ಯಾಲಿಫೋರ್ನಿಯದ ಯೊಸೆಮಿಟಿಯಲ್ಲಿ ಹಾಫ್ ಡೋಮ್ ಎಂಬ ಹೆಬ್ಬಂಡೆಯ ಎದುರು ಕ್ಯಾಮರಾ ಹೂಡಿದನು. ಉಳಿದಿದ್ದುವು ಎರಡೇ ಗಾಜಿನ ಫಲಕಗಳು. ಮೊದಲನೆಯದನ್ನು ರೂಢಿಯಂತೆ ಹಳದಿ ಶೋಧಕದ ಮೂಲಕ ಬೆಳಕಿಗೆ ಒಡ್ಡಿದನು. ಒಡನೆಯೇ, ಚಿತ್ರದಲ್ಲಿ ಆಕಾಶ ಪೇಲವವಾಗುವುದೆಂದೂ ತನ್ನನ್ನು ಬೆರಗುಗೊಳಿಸಿದ ಬಂಡೆಯ ಗಾಂಭೀರ್ಯ ಅದರಲ್ಲಿ ಬಾರದೆಂದೂ ಅವನಿಗೆ ಹೊಳೆಯಿತು. ಕೊನೆಯ ಫಲಕಕ್ಕೆ ಗಾಢವಾದ ಕೆಂಪು ಶೋಧಕವನ್ನು ಆರಿಸಿದನು. ಕೆಂಪು ಗಾಜು ನೀಲಿಯನ್ನು ತಡೆಯುತ್ತದೆ. ಆದುದರಿಂದ ಆಕಾಶ ಕಪ್ಪಿಗೆ ತಿರುಗಿತು. ಆಕಾಶದ ನೀಲಿಯೇ ಬೆಳಗುತ್ತಿದ್ದ ನೆರಳುಗಳೂ ಕಪ್ಪಾದುವು. ಬಿಸಿಲು ತಾಗಿದ ಕಲ್ಲೂ ಹಿಮವೂ ಥಳಥಳಿಸಿದುವು. ಬಂಡೆ ಅದೇ, ಹಗಲೂ ಅದೇ. ಆದರೆ ‘ಮೊನೊಲಿತ್’ ಎಂದು ಪ್ರಸಿದ್ಧವಾದುದು ಈ ಎರಡನೆಯ ಚಿತ್ರ.

ಮಂಜಿನ ಮುಂದೆ ಈ ಉಪಾಯ ನಡೆಯದು. ಮಂಜಿನ ಹನಿಗಳು ಬೆಳಕಿನ ಅಲೆಯುದ್ದಕ್ಕಿಂತ ಎಷ್ಟೋ ಪಾಲು ದೊಡ್ಡವು. ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಮೆ ಸಮನಾಗಿ ಚದರಿಸುವುದರಿಂದ ಮಂಜು ಬೆಳ್ಳಗಿರುತ್ತದೆ. ಯಾವ ಬಣ್ಣದ ಗಾಜೂ ಅದನ್ನು ಸೀಳಲಾರದು. ಮಳೆಗಾಲ ಕಳೆದ ಮೇಲೆ ಮಲೆನಾಡಿನಲ್ಲಿ ಆಕಾಶ ತಿಳಿಯಾಗಿರುವ ಇರುಳು ನೆಲ ಬೇಗ ತಣಿಯುತ್ತದೆ. ತಂಪುಗಾಳಿ ಕಣಿವೆಗೆ ಇಳಿದು ಅಲ್ಲಿಯೇ ಮಂಜು ಕಟ್ಟುತ್ತದೆ. ಬೆಳಗ್ಗೆ ಗುಡ್ಡದ ತುದಿಗಳಷ್ಟೇ ದ್ವೀಪಗಳಂತೆ ಮೇಲೆದ್ದಿರುತ್ತವೆ. ಬಿಸಿಲೇರಿದಂತೆಲ್ಲ ಮಂಜು ಹರಿದು, ಮೊದಲು ಮರಗಳ ನೆತ್ತಿ, ಬಳಿಕ ಅಡಕೆಯ ತೋಟ, ಕಡೆಗೆ ಮನೆಯ ಹಂಚು ಹೊರಬರುತ್ತವೆ. ಆ ಚಿತ್ರ ಬೇಕೆನ್ನುವವರು ಸೂರ್ಯೋದಯಕ್ಕೆ ಮುಂಚೆಯೇ ಗುಡ್ಡವನ್ನು ಹತ್ತಿರಬೇಕು.