ಕೋಚ್ ತಲೆದಂಡದಿಂದ ಗೋಲು ಬರುತ್ತದೆಯೇ?

2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತ ಆಡಿದ ಮೂರೂ ಪಂದ್ಯ ಸೋತಿತು. ಆಸ್ಟ್ರೇಲಿಯಾ ಎದುರು 0–2, ಉಜ್ಬೇಕಿಸ್ತಾನದ ಎದುರು 0–3, ಸಿರಿಯಾ ಎದುರು 0–1. ಹೊಡೆದ ಗೋಲು ಒಂದೂ ಇಲ್ಲ. ಆರು ತಿಂಗಳ ಹಿಂದಷ್ಟೇ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕುವೈತ್ ತಂಡವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಮಣಿಸಿ ಸ್ಯಾಫ್ ಪ್ರಶಸ್ತಿ ಗೆದ್ದುಕೊಟ್ಟಿದ್ದ ಕ್ರೊಯೇಷ್ಯಾದ ಕೋಚ್ ಇಗೊರ್ ಸ್ಟಿಮಾಚ್ ಒಮ್ಮೆಗೇ ಅಭಿಮಾನಿಗಳ ಪಾಲಿಗೆ ಖಳನಾಯಕರಾದರು. ಜೂನ್‌ನಲ್ಲಿ ತಂಡ ವಿಶ್ವಕಪ್ ಅರ್ಹತಾ ಸುತ್ತಿನಿಂದಲೂ ಹೊರಬಿದ್ದಾಗ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಅವರನ್ನು ವಜಾ ಮಾಡಿತು. ಸಿಟ್ಟು ಸಹಜವೇ. ಆ ಸಿಟ್ಟಿನ ಗುರಿ ಸರಿಯಿತ್ತೇ ಎಂಬುದನ್ನು ಮಾತ್ರ ಈಗ ನಿಧಾನವಾಗಿ ಅಳೆಯಬಹುದು. ಅವರ ನಂತರ ಇನ್ನಿಬ್ಬರನ್ನು ತಂದು ನೋಡಿಯಾಗಿದೆಯಲ್ಲ!

ಮೊದಲು ಬಂದ ಸ್ಪೇನ್‌ನ ಮನೊಲೊ ಮಾರ್ಕೆಜ್ ಹೈದರಾಬಾದ್ ತಂಡಕ್ಕೆ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ರಶಸ್ತಿ ತಂದುಕೊಟ್ಟವರು, ಇಲ್ಲಿನ ಆಟಗಾರರನ್ನು ಹತ್ತಿರದಿಂದ ಬಲ್ಲವರು. ಅವರ ಒಂದು ವರ್ಷದಲ್ಲಿ ಭಾರತ ಗೆದ್ದದ್ದು ಮಾಲ್ಡೀವ್ಸ್ ಎದುರು, ಒಂದೇ ಒಂದು ಪಂದ್ಯ. 2025ರ ಆಗಸ್ಟ್‌ನಲ್ಲಿ ನಮ್ಮವರೇ ಆದ ಖಾಲಿದ್ ಜಮೀಲ್ ಬಂದರು. ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸಿಂಗಪುರದ ಎದುರು 1–2ರಿಂದ ಸೋತು ಭಾರತ 2027ರ ಏಷ್ಯಾ ಕಪ್‌ನ ಅವಕಾಶವನ್ನೇ ಕಳೆದುಕೊಂಡಿತು. ಮೂವರದ್ದೂ ಬೇರೆ ಬೇರೆ ಹಿನ್ನೆಲೆ, ಬೇರೆ ಬೇರೆ ತಂತ್ರ. ರೋಗ ಮಾತ್ರ ಒಂದೇ: ಗೋಲು ಹೊಡೆಯುವವರಿಲ್ಲ. ಮಾಲ್ಡೀವ್ಸ್ ಎದುರು ಗೋಲು ಹೊಡೆದವರಲ್ಲಿ ಒಬ್ಬರು ನಿವೃತ್ತಿಯಿಂದ ಮರಳಿ ಕರೆತಂದಿದ್ದ, 40 ವರ್ಷದ ಸುನಿಲ್ ಚೆಟ್ರಿ ಎಂಬುದೇ ಸಾಕಷ್ಟು ಹೇಳುತ್ತದೆ. ಕ್ಲಬ್‌ಗಳು ಗೆಲುವಿಗಾಗಿ ಮುಂಚೂಣಿಯಲ್ಲಿ ವಿದೇಶಿಯರನ್ನು ನಿಲ್ಲಿಸುತ್ತವೆ. 2023–24ರ ಐಎಸ್‌ಎಲ್‌ನಲ್ಲಿ ತಲಾ 13 ಗೋಲು ಹೊಡೆದು ಅಗ್ರಸ್ಥಾನದಲ್ಲಿದ್ದವರು ಗ್ರೀಸ್‌ನ ದಿಮಿತ್ರಿಯೊಸ್ ದಿಯಮಾಂಟಕೊಸ್ ಮತ್ತು ಫಿಜಿಯ ರಾಯ್ ಕೃಷ್ಣ. ವರ್ಷವಿಡೀ ಪಕ್ಕದಲ್ಲೋ ಬೆಂಚಿನಲ್ಲೋ ಇರುವ ಹುಡುಗನನ್ನು ರಾಷ್ಟ್ರೀಯ ಕೋಚ್ ಹತ್ತು ಹದಿನೈದು ದಿನಗಳ ಶಿಬಿರದಲ್ಲಿ ಸ್ಟ್ರೈಕರ್ ಮಾಡಬೇಕು. ಕತಾರ್‌ಗೆ ಹೋದ ತಂಡಕ್ಕೆ ಸಿಕ್ಕ ತಯಾರಿಯೂ ಸುಮಾರು ಎರಡೇ ವಾರದ್ದು.

ಹಾಗಾದರೆ ಕೋಚ್ ನಿರ್ದೋಷಿಯೇ ಎಂದು ಕೇಳಬಹುದು. ಖಂಡಿತ ಅಲ್ಲ. 2024ರ ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಭಾರತ ಅಫ್ಗಾನಿಸ್ತಾನದ ಎದುರು 1–2ರಿಂದ ಸೋತಿತು. ತಮ್ಮ ಫೆಡರೇಷನ್ ಜತೆಗಿನ ಜಗಳದಿಂದ ಅಫ್ಗನ್ನರ ಹಲವು ಪ್ರಮುಖ ಆಟಗಾರರು ಬಂದೇ ಇರಲಿಲ್ಲ. ಭಾರತ ಮುನ್ನಡೆಯನ್ನೂ ಪಡೆದಿತ್ತು. ಆ ಸೋಲಿಗೆ ವ್ಯವಸ್ಥೆಯತ್ತ ಬೆರಳು ತೋರಿದರೆ ಅದು ನೆಪವಾಗುತ್ತದೆ. ಅದು ಸ್ಟಿಮಾಚ್ ಲೆಕ್ಕಕ್ಕೇ ಹೋಗಬೇಕು. ಯಾರಾದರೊಬ್ಬರು ಹೊಣೆ ಹೊರಲೇಬೇಕು ಎಂಬ ವಾದವೂ ನ್ಯಾಯವೇ. ಆದರೆ ಹೊಣೆ ಕೋಚ್ ಕುರ್ಚಿಯಲ್ಲೇ ನಿಂತುಬಿಡುವುದೇಕೆ? 2023ರಲ್ಲಿ ಸ್ಟಿಮಾಚ್ ಒಪ್ಪಂದವನ್ನು 2026ರವರೆಗೆ ವಿಸ್ತರಿಸಿದ್ದು ಇದೇ ಫೆಡರೇಷನ್. ವರ್ಷ ತುಂಬುವ ಮೊದಲೇ ಮನೆಗೆ ಕಳಿಸಿ, ಕೊನೆಗೆ ಸುಮಾರು 4 ಲಕ್ಷ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿಕೊಂಡದ್ದೂ ಇದೇ ಫೆಡರೇಷನ್. ಆ ಒಪ್ಪಂದಕ್ಕೆ ಸಹಿ ಹಾಕಿದವರ ರಾಜೀನಾಮೆಗಾಗಿ ಗ್ಯಾಲರಿಯಲ್ಲಿ ಘೋಷಣೆ ಮೊಳಗಿದ್ದು ಕಡಿಮೆ. ಕೋಚ್‌ನ ಮುಖ ಪ್ರತಿ ಪಂದ್ಯದಲ್ಲೂ ಟಿ.ವಿ.ಯಲ್ಲಿ ಕಾಣುತ್ತದೆ, ಸಮಿತಿಯ ಮುಖ ಕಾಣುವುದಿಲ್ಲ.

ಮುಂದಿನ ಸೋಲಿನ ನಂತರ ಅಭಿಮಾನಿಗಳು ಕೇಳಬೇಕಾದ ಪ್ರಶ್ನೆ ಇಷ್ಟೇ: ದೇಶದ ಎಷ್ಟು ಕ್ಲಬ್‌ಗಳಲ್ಲಿ ಭಾರತೀಯ ಸ್ಟ್ರೈಕರ್ ಪೂರ್ತಿ 90 ನಿಮಿಷ ಆಡುತ್ತಿದ್ದಾನೆ? ಇದಕ್ಕೆ ಉತ್ತರ ಕೊಡಬೇಕಾದವರು ಫೆಡರೇಷನ್ ಮತ್ತು ಕ್ಲಬ್ ಮಾಲೀಕರು.