ಮೆಟ್ನರ್ ಮೈಸೂರಿಗೆ ಸಿಕ್ಕಿದ ಕತೆ

1946ರ ಲಂಡನ್. ಗೋಲ್ಡರ್ಸ್ ಗ್ರೀನ್ ಬಡಾವಣೆಯ ಒಂದು ಮನೆಯಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರ ಕಷ್ಟದಲ್ಲಿ ದಿನ ದೂಡುತ್ತಿದ್ದರು. ವಯಸ್ಸು ಅರವತ್ತಾರು, ಹೃದಯಾಘಾತದಿಂದ ಬಳಲಿದ ದೇಹ. ಅವರ ಕೃತಿಗಳನ್ನು ಅಚ್ಚು ಹಾಕುತ್ತಿದ್ದವರು ಜರ್ಮನ್ ಪ್ರಕಾಶಕರು. ಯುದ್ಧ ಬಂದು ಆ ವರಮಾನವೂ ನಿಂತಿತ್ತು. ಸ್ವತಃ ಸಂಯೋಜಕ ರಾಖ್ಮನಿನಾಫ್ ಮೆಚ್ಚಿದ್ದ ಸಂಗೀತ ಅವರದು. ಆದರೂ ಅದರ ರೆಕಾರ್ಡುಗಳು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಂಥವರನ್ನು ಹುಡುಕಿಕೊಂಡು ಹೋದದ್ದು ನಮ್ಮ ಮೈಸೂರು.

ಜಯಚಾಮರಾಜ ಒಡೆಯರ್ ಹುಟ್ಟಿದ್ದು 1919ರಲ್ಲಿ. ಪಿಯಾನೊ ವಾದಕನಾಗಬೇಕೆಂಬ ಆಸೆ ಅವರಿಗೆ ನಿಜಕ್ಕೂ ಇತ್ತು. 1940ರಲ್ಲಿ ತಂದೆ ತೀರಿಕೊಂಡರು, ಅದೇ ವರ್ಷ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜರೂ ತೀರಿಕೊಂಡರು, ಇಪ್ಪತ್ತೊಂದಕ್ಕೆ ಸಿಂಹಾಸನ. ವೇದಿಕೆ ತಪ್ಪಿತು, ಕಿವಿ ಉಳಿಯಿತು. ಅರಮನೆಗೆ ಬಂದುಹೋದ ರೆಕಾರ್ಡ್ ನಿರ್ಮಾಪಕ ವಾಲ್ಟರ್ ಲೆಗ್, ಅಲ್ಲಿ ರೆಕಾರ್ಡುಗಳ ದೊಡ್ಡ ಭಂಡಾರವನ್ನೇ ಕಂಡದ್ದಾಗಿ ಬರೆದಿದ್ದಾರೆ. ಇದೇ ದೊರೆ ಕರ್ನಾಟಕ ಸಂಗೀತದಲ್ಲಿ ಶ್ರೀವಿದ್ಯಾ ಅಂಕಿತದ 94 ಕೃತಿ ರಚಿಸಿದವರು.

ಮೆಟ್ನರ್ ಸಂಗೀತ ಉಳಿಯಬೇಕು, ಅವರೇ ನುಡಿಸಬೇಕು ಎಂದು ಮಹಾರಾಜರು ನಿಶ್ಚಯಿಸಿದರು. ಲಂಡನ್ನಿನಲ್ಲಿ ಮೈಸೂರಿನ ಪರವಾಗಿ ಓಡಾಡಿದವರು ಕ್ಯಾಪ್ಟನ್ ಬಿನ್‌ಸ್ಟೆಡ್. ಮೆಟ್ನರ್ ಸೊಸೈಟಿ ಹುಟ್ಟಿತು, ಎಚ್‌ಎಂವಿ ಮೂರು ಸಂಪುಟ ಹೊರತಂದಿತು. ಕೃತಜ್ಞರಾದ ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು.

ನನ್ನ ಮನಸ್ಸು ನಿಲ್ಲುವುದು ಮೆಟ್ನರ್ ಅವರ ಪಿಯಾನೊ ಕ್ವಿಂಟೆಟ್‌ನಲ್ಲಿ. ಒಂದು ಪಿಯಾನೊ, ನಾಲ್ಕು ತಂತಿವಾದ್ಯ. ಮುಂದೆ ನಿಂತು ಕೈಬೀಸುವವರಿಲ್ಲ, ಒಬ್ಬರನ್ನೊಬ್ಬರು ಕೇಳಿಕೊಂಡೇ ನುಡಿಸಬೇಕು. ನಮ್ಮ ಮನೆ ಕಛೇರಿಯಲ್ಲಿ ಪಿಟೀಲಿನವರು ಹಾಡುವವರ ಮುಖ ನೋಡಿ ನುಡಿಸುವ ಹಾಗೆ. ಯೌವನದಲ್ಲಿ ಶುರುಮಾಡಿದ ಈ ಕೃತಿ ಮುಗಿಯುವ ಹೊತ್ತಿಗೆ ಮೆಟ್ನರ್‌ಗೆ ಎಪ್ಪತ್ತು ಹತ್ತಿರ. ಮೊದಲ ಭಾಗದ ಒಂದು ಸ್ವರಸಾಲಿನ ಮೇಲೆ, ಹಸಿದವರು ಧನ್ಯರೆಂಬ ಬೈಬಲ್ಲಿನ ಮಾತನ್ನು ಬರೆದಿಟ್ಟಿದ್ದಾರೆ. ಬಡತನ ಉಂಡವರ ಬರಹ ಅದು. 1949ರಲ್ಲಿ ಏಯೋಲಿಯನ್ ಕ್ವಾರ್ಟೆಟ್ ಜೊತೆ ಅವರೇ ಕೂತು ನುಡಿಸಿದರು.

ಸಂಸ್ಥಾನ ಭಾರತದಲ್ಲಿ ಸೇರಿದ ಮೇಲೆ ಅರಮನೆಯ ಕೈ ಮೊದಲಿನಂತೆ ಧಾರಾಳವಾಗಿ ಉಳಿಯಲಿಲ್ಲ. 1951ರಲ್ಲಿ ಮೆಟ್ನರ್ ತೀರಿಕೊಂಡರು. ಸೊಸೈಟಿಯ ಕತೆ ಅಲ್ಲಿಗೆ ಮುಗಿಯಿತು.

ಅಮೆರಿಕದಲ್ಲಿ ಹೀಗಾಗಲಿಲ್ಲ. ಷಿಕಾಗೊದ ಸಗಟು ದಿನಸಿ ವ್ಯಾಪಾರಿಯ ಮಗಳು ಎಲಿಜಬೆತ್ ಸ್ಪ್ರೇಗ್ ಕೂಲಿಜ್ ಕೂಡ ಪಿಯಾನೊ ಕಲಿತವರೇ. 1918ರಲ್ಲಿ ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್ ಬಳಿ ಚೇಂಬರ್ ಸಂಗೀತದ, ಅಂದರೆ ಕೆಲವೇ ವಾದ್ಯಗಳ ಕೋಣೆ ಸಂಗೀತದ, ಉತ್ಸವ ಆರಂಭಿಸಿದರು. 1925ರಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನೊಳಗೆ ಸುಮಾರು ಐನೂರು ಆಸನದ ಸಭಾಂಗಣ ಕಟ್ಟಿಸಿ, ಕಛೇರಿಗಳು ನಡೆಯುತ್ತಲೇ ಇರಲೆಂದು ಮೂಲಧನವನ್ನೂ ಇಟ್ಟರು. ಬಾರ್ಟೋಕ್ ಅವರ ಐದನೆಯ ಕ್ವಾರ್ಟೆಟ್ ಬರೆಸಿದ್ದು ಅವರೇ. ಕೋಪ್‌ಲ್ಯಾಂಡ್ ತಮ್ಮ 'ಅಪಲೇಚಿಯನ್ ಸ್ಪ್ರಿಂಗ್' ಅನ್ನು ಮೊದಲು ಹದಿಮೂರೇ ವಾದ್ಯಗಳಿಗೆ ಬರೆದದ್ದು ಆ ಪುಟ್ಟ ಸಭಾಂಗಣದ ಅಳತೆಗೆ. ಸಿರಿವಂತರ ದಿವಾನಖಾನೆಯ ಸಂಗೀತ ಅಲ್ಲಿ ಸಾಮಾನ್ಯರಿಗೂ ದಕ್ಕಿತು. ಕೂಲಿಜ್ 1953ರಲ್ಲಿ ತೀರಿಕೊಂಡರೂ ಕಛೇರಿಗಳು ನಿಲ್ಲಲಿಲ್ಲ.

ಮೈಸೂರಿನ ಕಿವಿ ಕೂಲಿಜ್ ಅವರ ಕಿವಿಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ. ಕಡಿಮೆಬಿದ್ದದ್ದು ಒಂದು ಕೋಣೆ, ಅದಕ್ಕೊಂದು ಇಡುಗಂಟು.

ನಮ್ಮ ಬೆಂಗಳೂರಿನಲ್ಲಿ ರಾಜಾಜಿನಗರದಿಂದ ಕೆಂಗೇರಿಯವರೆಗೆ ಕಲ್ಯಾಣ ಮಂಟಪಗಳಿಗೆ ಬರವಿಲ್ಲ. ಮೈಕಿಲ್ಲದೆ ವೀಣೆ ಕೇಳಿಸುವಂಥ, ನೂರು ಜನ ಕೂರುವ ಒಂದು ಕೋಣೆಯನ್ನು ನಮ್ಮ ಬಡಾವಣೆಗಳ ಸಂಘಗಳು ಕಟ್ಟಲಿ. ಅದಕ್ಕೆ ಜಯಚಾಮರಾಜರ ಹೆಸರಿಡಲಿ. ಮೊದಲ ಸಂಜೆ ಅವರದೊಂದು ಕೃತಿ, ಆಮೇಲೆ ಮೆಟ್ನರ್ ಕ್ವಿಂಟೆಟ್.