ನೆರಳಿಗೆ ಅತ್ತಿ, ಬಸರಿ, ಗೋಣಿಯೂ ಇರಲಿ

ಕಾಫಿ ತೋಟದಲ್ಲಿ ಹಳೆಯ ಕಾಡುಮರವೊಂದು ಬಿದ್ದರೆ ಆ ಜಾಗಕ್ಕೆ ಏನು ನೆಡಬೇಕೆಂದು ಈಗ ಯಾರೂ ಹೆಚ್ಚು ಯೋಚಿಸುವುದಿಲ್ಲ. ಸಿಲ್ವರ್ ಓಕ್ ಗಿಡ ತರುತ್ತಾರೆ. ಇದಕ್ಕಾಗಿ ಬೆಳೆಗಾರರನ್ನು ದೂರುವಂತಿಲ್ಲ. ಆಸ್ಟ್ರೇಲಿಯಾ ಮೂಲದ ಈ ಮರ ಬೇಗ ಬೆಳೆಯುತ್ತದೆ, ನೆಟ್ಟಗೆ ಏರುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ. ಮಿಗಿಲಾಗಿ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದನ್ನು ಕಡಿಯಲು ಅನುಮತಿ ಬೇಕಿಲ್ಲ. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ನಾಲ್ಕು ಮರ ಮಾರಬೇಕಾದಾಗ ಅರ್ಜಿ ಹಿಡಿದು ಕಚೇರಿ ಅಲೆಯುವ ಪಾಡಿಲ್ಲ. ಹೊನ್ನೆ, ನಂದಿ, ಮತ್ತಿಯನ್ನು ಕಾಪಾಡಿಕೊಂಡು ಬಂದವನಿಗೆ ಈ ಅನುಕೂಲವಿಲ್ಲ. ನಾಡಮರ ಉಳಿಸಿದವನಿಗೇ ತೊಡಕು ಹೆಚ್ಚು ಎಂಬ ಈ ಸ್ಥಿತಿ ಬದಲಾಗದೆ ಬರೀ ಉಪದೇಶದಿಂದ ಫಲವಿಲ್ಲ.

ಆದರೆ ತೋಟದ ತುಂಬ ಸಿಲ್ವರ್ ಒಂದೇ ಆದರೆ ಆಗುವ ನಷ್ಟವನ್ನೂ ಲೆಕ್ಕ ಹಾಕಬೇಕು. ಅದರ ನೆರಳು ತೆಳು. ಬಿಸಿಲಿಗೆ ತೆರೆದುಕೊಂಡ ಅರೇಬಿಕಾ ಗಿಡವನ್ನೇ ಬಿಳಿ ಕಾಂಡಕೊರಕ ಹೆಚ್ಚಾಗಿ ಹುಡುಕಿ ಬರುತ್ತದೆಂಬುದು ಬೆಳೆಗಾರರಿಗೆ ಹೊಸ ಮಾತಲ್ಲ. ಅದರ ಎಲೆ ಕೊಳೆತು ಗೊಬ್ಬರವಾಗುವುದು ನಿಧಾನ. ಹಾಲವಾಣದ ಸೊಪ್ಪಾದರೋ ಬೇಗನೆ ಮಣ್ಣಾಗುತ್ತದೆ. ಹೂಮಳೆ ತಡವಾಗಿ ಬೇಸಿಗೆ ಸುಡುವ ವರ್ಷಗಳಲ್ಲಿ ಗಿಡ ತಡೆದುಕೊಳ್ಳುವುದು ದಟ್ಟ ನೆರಳು ಮತ್ತು ತರಗೆಲೆಯ ಹೊದಿಕೆಯಿಂದ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಆದಂಥ ಭೂಕುಸಿತವನ್ನು ಮರಗಳು ತಡೆಯುತ್ತವೆಂದು ಹೇಳಲಾಗದು. ಬಿರುಮಳೆಯ ಹನಿ ನೇರ ಮಣ್ಣಿಗೆ ಬಡಿದು ಮೇಲ್ಮಣ್ಣು ಹಳ್ಳ ಸೇರುವುದನ್ನಂತೂ ಅವು ಬಹಳಷ್ಟು ತಗ್ಗಿಸುತ್ತವೆ.

ರೊಬಸ್ಟಾ ಬೆಳೆಯುವವರು ಗಮನಿಸಬೇಕಾದ ವಿಷಯ ಇನ್ನೊಂದಿದೆ. ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಗಾಳಿಯೋ ಜೇನೋ ಬೇರೆ ಗಿಡದ ಪರಾಗ ತರಬೇಕು. ತುಡುವೆ ಪೆಟ್ಟಿಗೆಗಳು 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗಕ್ಕೆ ಸಿಕ್ಕಿ ಖಾಲಿಯಾದದ್ದು ಹಿರಿಯರಿಗೆ ನೆನಪಿರಬಹುದು. ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲಾಗದು. ಅದು ಗೂಡು ಕಟ್ಟುವುದು ಎತ್ತರದ ದೊಡ್ಡ ಮರಗಳ ದಪ್ಪ ಕೊಂಬೆಗಳಲ್ಲಿ.

ಹಕ್ಕಿಪಕ್ಷಿಗಳಿಗಾದರೆ ಅತ್ತಿಯ ಜಾತಿಯ ಮರಗಳಷ್ಟು ಉಪಕಾರಿ ಬೇರೊಂದಿಲ್ಲ. ಒಂದೇ ಜಾತಿಯ ಎರಡು ಮರಗಳು ಸಹ ಬೇರೆ ಬೇರೆ ಕಾಲಕ್ಕೆ ಹಣ್ಣು ಬಿಡುವುದರಿಂದ, ಕಾಡಿನಲ್ಲಿ ಬೇರೇನೂ ಇಲ್ಲದ ದಿನಗಳಲ್ಲೂ ಎಲ್ಲೋ ಒಂದು ಕಡೆ ಹಣ್ಣಿರುತ್ತದೆ. ಕುಟ್ರುಹಕ್ಕಿ, ಕಾಡುಪಾರಿವಾಳ, ಪುನುಗು ಬೆಕ್ಕು, ಬಾವಲಿ ಎಲ್ಲಕ್ಕೂ ಅದೇ ಊಟ. ಪಶ್ಚಿಮ ಘಟ್ಟದಲ್ಲಲ್ಲದೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಬೂದು ಮಂಗಟ್ಟೆಯೂ ಈ ಹಣ್ಣಿಗೆ ಬರುತ್ತದೆ. ಇದರ ಹೆಣ್ಣು ಮರದ ಪೊಟರೆ ಹೊಕ್ಕು ಬಾಯಿ ಮುಚ್ಚಿಕೊಂಡು ಮೊಟ್ಟೆಯಿಡುತ್ತದೆ. ಗಂಡು ಸಣ್ಣ ಸಂದಿಯಲ್ಲಿ ಹಣ್ಣು ಉಣಿಸುತ್ತದೆ. ಎಳೆಯ ಸಿಲ್ವರ್ ಸಾಲಿನಲ್ಲಿ ಅಂಥ ಪೊಟರೆ ಎಲ್ಲಿ ಸಿಕ್ಕೀತು?

ಇರುವ ಸಿಲ್ವರನ್ನು ಕಡಿಯಿರೆಂದು ನಾವು ಹೇಳುತ್ತಿಲ್ಲ. ಎಕರೆಗೆ ಎರಡು ಮೂರು ಅತ್ತಿ, ಬಸರಿ, ಗೋಣಿ ಇದ್ದರೆ ಸಾಕು. ಇವಕ್ಕೆ ನಾಟಾ ಬೆಲೆ ಇಲ್ಲದಿರುವುದೇ ಒಂದು ಅನುಕೂಲ: ಕಡಿದು ಮಾರುವ ಪ್ರಶ್ನೆಯೇ ಬಾರದು. ನೆರಳು ಹೆಚ್ಚಾದರೆ ಮರಗಸಿಯಲ್ಲಿ ಸವರಿಕೊಳ್ಳಬಹುದು. ಗೋಣಿಯನ್ನು ಮಾತ್ರ ಮನೆ, ಬಾವಿ, ಕಣದಿಂದ ದೂರವಿಡಿ. ಅದರ ಬೇರು ಗೋಡೆಯನ್ನೂ ಸೀಳುತ್ತದೆ. ಅಡಿಕೆ ತೋಟದವರಿಗೆ ಹಳ್ಳದ ದಂಡೆಯೂ ಸೊಪ್ಪಿನ ಬೆಟ್ಟದ ಬೋಳು ಜಾಗಗಳೂ ತಕ್ಕ ಸ್ಥಳ.

ಬಸರಿ, ಗೋಣಿಗಳನ್ನು ಹಾಲವಾಣದಂತೆ ಗೂಟದಿಂದ ನೆಡಬಹುದು. ತೋಳುದಪ್ಪದ, ಆರೇಳು ಅಡಿ ಉದ್ದದ ಗೂಟವನ್ನು ಮುಂಗಾರು ಹಿಡಿದ ಮೇಲೆ ಒಂದೂವರೆ ಅಡಿ ಆಳಕ್ಕೆ ನೆಟ್ಟು, ತುದಿಗೆ ಸಗಣಿ ಮೆತ್ತಿ, ದನ ಮುಟ್ಟದಂತೆ ಮುಳ್ಳು ಕಟ್ಟಬೇಕು. ಅತ್ತಿಗೆ, ಹಕ್ಕಿಯ ಹಿಕ್ಕೆಯಿಂದ ಹಳ್ಳದ ಬದಿಯಲ್ಲಿ ತಾನಾಗಿ ಹುಟ್ಟಿದ ಸಸಿಯನ್ನು ಮಣ್ಣಿನ ಹೆಂಟೆ ಸಮೇತ ಎತ್ತಿ ತರುವುದು ಸುಲಭ. ಕಳೆ ಕೊಚ್ಚುವವರ ಕತ್ತಿಗೆ ಸಿಗದಂತೆ ಅದರ ಪಕ್ಕದಲ್ಲೊಂದು ಎತ್ತರದ ಕೋಲು ನೆಟ್ಟಿರಬೇಕು.